ನೋಡೋದು ಮತ್ತು ಅಳೆಯೋದು: ವಿಜ್ಞಾನದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯದ ಹೈಸ್ಕೂಲೊಂದರಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾಗಿ ಈಗ ಮೈಸೂರಿನಲ್ಲಿದ್ದೇನೆ. ತಾರಸಿ ಮೇಲೆ ಒಂದು ಟೆಲಿಸ್ಕೋಪ್ ಇದೆ, ಹಿತ್ತಲಲ್ಲಿ ಮಳೆ ಅಳೆಯುವ ಡಬ್ಬಿ ಇದೆ. ಅವನ್ನು ನೋಡೋಕೆ ಬರುವ ಮಕ್ಕಳು, ಕರೆದುಕೊಂಡು ಬರುವ ಅಪ್ಪ ಅಮ್ಮಂದಿರು, ಊರಿಗೆ ಹೋದಾಗ ಸಿಗುವ ರೈತರು, ಕಾಗದ ಬರೆಯುವ ಹಳೇ ವಿದ್ಯಾರ್ಥಿಗಳು, ಎಲ್ಲರೂ ಸುಮಾರು ಅದೇ ಪ್ರಶ್ನೆಗಳನ್ನು ಕೇಳುತ್ತಾರೆ. ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ಕೆರೆದುಕೊಳ್ಳುವಂಥದ್ದು ಕೊನೆಗೆ.

## ಶುರುವಿನ ಪ್ರಶ್ನೆಗಳು

ನೋಡೋದನ್ನ ಎಲ್ರೂ ನೋಡ್ತಾರೆ ಮೇಷ್ಟ್ರೇ, ವಿಜ್ಞಾನಿ ನೋಡೋದ್ರಲ್ಲಿ ಏನು ವಿಶೇಷ?

ಅವರು ಬರೆದಿಡುತ್ತಾರೆ. ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಇದೇ.

"ಈ ವರ್ಷ ಚಳಿ ಜಾಸ್ತಿ" ಅಂತ ನಾವು ಪ್ರತಿ ವರ್ಷ ಹೇಳುತ್ತೇವೆ. ಹೋದ ವರ್ಷ ಎಷ್ಟಿತ್ತು ಅಂತ ಕೇಳಿದರೆ ಸುಮ್ಮನಾಗುತ್ತೇವೆ. ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ತೂಗುಹಾಕಿದ ಥರ್ಮಾಮೀಟರ್ ನೋಡಿ ಪುಸ್ತಕದಲ್ಲಿ ಗುರುತು ಹಾಕಿಕೊಂಡವರು ಮಾತ್ರ ಉತ್ತರ ಕೊಡಬಲ್ಲರು. ಮನೆಯಲ್ಲಿ ಯಾರಿಗೋ ಹುಷಾರಿಲ್ಲದ ವರ್ಷದ ಚಳಿ, ಬೆಳೆ ಹಾಳಾದ ವರ್ಷದ ಮಳೆ, ಇವು ನೆನಪಿನಲ್ಲಿ ಬೆಳೆಯುತ್ತಾ ಹೋಗುತ್ತವೆ. ಪುಸ್ತಕದಲ್ಲಿ ಬರೆದದ್ದು ಬೆಳೆಯೋದಿಲ್ಲ. ಇಂಥ ದಿನ, ಇಂಥ ಹೊತ್ತು, ಇಂಥ ಜಾಗ, ಇಷ್ಟು ಅಂತ ಇದ್ದರೆ ನಾಳೆ ಇನ್ನೊಬ್ಬರು ಅದನ್ನು ಪರೀಕ್ಷೆ ಮಾಡಬಹುದು, ತಪ್ಪಿದ್ದರೆ ತಪ್ಪು ಅಂತ ಹೇಳಬಹುದು.

ಕಣ್ಣಾರೆ ಕಂಡಿದ್ದೀನಿ ಅಂದ್ಮೇಲೆ ಇನ್ನೇನು ಪುರಾವೆ ಬೇಕು?

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ನಮ್ಮ ಹಿರಿಯರೇ ಹೇಳಿದ್ದಾರಲ್ವಾ. ಇದಕ್ಕೆ ನಾನು ಮಕ್ಕಳಿಗೆ ಮಾಡಿಸುವ ಒಂದು ಪರೀಕ್ಷೆ ಇದೆ. ಹುಣ್ಣಿಮೆ ದಿನ ಚಾಮುಂಡಿ ಬೆಟ್ಟದ ಕಡೆಯಿಂದ ಏಳುವ ಚಂದ್ರ ಎಷ್ಟು ದೊಡ್ಡದಾಗಿ ಕಾಣುತ್ತಾನೆ, ನೋಡಿದ್ದೀರಲ್ಲ? ಅದೇ ಚಂದ್ರ ರಾತ್ರಿ ನಡು ಆಕಾಶಕ್ಕೆ ಬಂದಾಗ ಚಿಕ್ಕದಾಗಿರುತ್ತಾನೆ. ಎಲ್ಲರೂ ಕಣ್ಣಾರೆ ಕಂಡಿದ್ದೇ.

ಈಗ ಒಂದು ಗಟ್ಟಿ ಕಾಗದಕ್ಕೆ ಫೈಲಿಗೆ ತೂತು ಹಾಕುವ ಪಂಚಿಂಗ್ ಮಿಷೀನಿನಿಂದ ಒಂದು ತೂತು ಹಾಕಿ. ಅದರ ಅಗಲ ಸುಮಾರು 6 ಮಿಲಿಮೀಟರ್. ಕೈ ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಏಳುತ್ತಿರುವ ಚಂದ್ರನನ್ನು ತೂತಿನೊಳಗಿಂದ ನೋಡಿ. ಹೆಚ್ಚುಕಮ್ಮಿ ಸರಿಯಾಗಿ ಕೂರುತ್ತಾನೆ. ಹತ್ತು ಗಂಟೆಗೆ ಇನ್ನೊಮ್ಮೆ ಹಾಗೇ ನೋಡಿ. ಅಷ್ಟೇ ಸರಿಯಾಗಿ ಕೂರುತ್ತಾನೆ! ಚಂದ್ರನ ಅಗಲ ಎರಡೂ ಹೊತ್ತಿನಲ್ಲಿ ಸುಮಾರು ಅರ್ಧ ಡಿಗ್ರಿ. ಇನ್ನೂ ಸರಿಯಾಗಿ ಹೇಳಬೇಕೆಂದರೆ ಏಳುವಾಗ ನಮಗೆ ಸ್ವಲ್ಪ ದೂರ ಇರುತ್ತಾನೆ, ಹಾಗಾಗಿ ಕೂದಲೆಳೆಯಷ್ಟು ಚಿಕ್ಕದಾಗೇ ಇರುತ್ತಾನೆ. ದೊಡ್ಡದು ಅಂತ ತೀರ್ಮಾನ ಮಾಡಿದ್ದು ನಮ್ಮ ಮಿದುಳು. ತೂತು ಹಾಕಿದ ಕಾಗದ ಆ ತೀರ್ಮಾನಕ್ಕೆ ತಲೆ ಹಾಕೋದಿಲ್ಲ.

ಉಪಕರಣ ಅಂದ್ರೆ ಲ್ಯಾಬಲ್ಲಿರೋ ದುಬಾರಿ ಮಿಷೀನೇ ತಾನೆ?

ಆರತಿ ತಟ್ಟೆಗೆ ಓಕುಳಿ ಮಾಡುವಾಗ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕುತ್ತಾರೆ, ಹಳದಿ ನೀರು ಥಟ್ಟನೆ ಕೆಂಪಾಗುತ್ತೆ. ಅದಕ್ಕೆ ನಿಂಬೆಹಣ್ಣು ಹಿಂಡಿದರೆ ಮತ್ತೆ ಹಳದಿ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಅನ್ನುವ ಬಣ್ಣ ಕ್ಷಾರ ಸಿಕ್ಕಾಗ ಕೆಂಪಿಗೆ ತಿರುಗುತ್ತೆ, ಹುಳಿ ಸಿಕ್ಕಾಗ ಹಳದಿಗೆ ವಾಪಸ್ ಬರುತ್ತೆ. ಅಂದರೆ ನಿಮ್ಮ ಅಡುಗೆಮನೆ ಡಬ್ಬಿಯಲ್ಲೇ ಕ್ಷಾರ ಪತ್ತೆ ಮಾಡುವ ಉಪಕರಣ ಇದೆ. ಎಷ್ಟು ಕ್ಷಾರ ಅಂತ ಅದು ಹೇಳಲ್ಲ, ಇದೆಯೋ ಇಲ್ವೋ ಅಂತ ಮಾತ್ರ ಹೇಳುತ್ತೆ. ಆ ಮಿತಿ ಗೊತ್ತಿದ್ದು ಬಳಸಿದರೆ ಅದು ಒಳ್ಳೇ ಉಪಕರಣವೇ.

ಬೆಳಕು ಚದುರುವಾಗ ಅದರ ಸ್ವಲ್ಪ ಪಾಲಿನ ಬಣ್ಣ ಬದಲಾಗುತ್ತೆ ಅಂತ ಸಿ.ವಿ. ರಾಮನ್ 1928ರ ಫೆಬ್ರವರಿ 28ರಂದು ಖಚಿತ ಮಾಡಿಕೊಂಡ ಪರಿಣಾಮಕ್ಕೆ 1930ರಲ್ಲಿ ನೊಬೆಲ್ ಬಂತಲ್ಲ, ಆ ಕೆಲಸದ ಶುರುವಿನಲ್ಲಿ ಬೆಳಕು ಅಂದರೆ ಬಿಸಿಲು, ನೋಡೋಕೆ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ಒಂದು ಪುಟ್ಟ ಸ್ಪೆಕ್ಟ್ರೋಸ್ಕೋಪು, ಜೊತೆಗೆ ಒಂದೆರಡು ಬಣ್ಣದ ಫಿಲ್ಟರು. ಇದನ್ನು ಹೇಳುವಾಗ ನನಗೆ ಈಗಲೂ ಖುಷಿಯಾಗುತ್ತೆ.

ಮಳೆ ಇಷ್ಟು ಮಿಲಿಮೀಟರ್ ಅಂತಾರಲ್ಲ, ನೀರನ್ನ ಉದ್ದದಲ್ಲಿ ಅಳೆಯೋದು ಹೇಗೆ?

ಬಿದ್ದ ನೀರು ಹರಿಯದೆ, ಇಂಗದೆ, ಆವಿಯಾಗದೆ ನೆಲದ ಮೇಲೆ ಹಾಗೇ ನಿಂತಿದ್ದರೆ ಎಷ್ಟು ಎತ್ತರ ನಿಲ್ಲುತ್ತಿತ್ತು ಅನ್ನೋದೇ ಆ ಮಿಲಿಮೀಟರ್. ಗೋಡೆ ನೆಟ್ಟಗಿರುವ ಯಾವುದೇ ಡಬ್ಬಿ ಇಟ್ಟರೂ ಆಗುತ್ತೆ. ಬಾಯಿ ಅಗಲ ಇದ್ದರೆ ಜಾಸ್ತಿ ನೀರು ಬೀಳುತ್ತೆ, ಆದರೆ ಆ ನೀರು ಅಷ್ಟೇ ಅಗಲಕ್ಕೆ ಹರಡಿಕೊಳ್ಳುತ್ತೆ, ಎತ್ತರ ಒಂದೇ. ಮಕ್ಕಳು ಲೋಟ, ಬಕೆಟ್ ಎರಡನ್ನೂ ಇಟ್ಟು ನೋಡುತ್ತೇವೆ ಅಂತ ಹಟ ಹಿಡಿಯುತ್ತಾರೆ, ಹಿಡಿಯಲಿ. ಆದರೆ ಲೋಟ, ಬಕೆಟ್ ಎರಡೂ ಮೇಲೆ ಹೋದಂತೆ ಅಗಲ ಆಗುತ್ತವೆ, ಆಗ ಲೆಕ್ಕ ತಪ್ಪುತ್ತೆ. ಯಾಕೆ ತಪ್ಪಿತು ಅಂತ ಅವರೇ ಕಂಡುಕೊಳ್ಳುವ ಹೊತ್ತಿಗೆ ಪಾಠ ಮುಗಿದಿರುತ್ತೆ.

ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು. ಒಂದು ಎಕರೆಗೆ ಸುಮಾರು 4,000 ಲೀಟರ್. ರೈತರು "ಹದ ಮಳೆ" ಅನ್ನೋದು ಮಣ್ಣು ಎಷ್ಟು ಆಳಕ್ಕೆ ನೆಂದಿದೆ ಅನ್ನೋದನ್ನ ನೋಡಿ. ಅದು ಬೇರೆ ಅಳತೆ, ಬಿತ್ತನೆಗೆ ಅದೇ ಸರಿಯಾದ ಅಳತೆ. ಕಪ್ಪು ಮಣ್ಣಿಗೂ ಕೆಂಪು ಮಣ್ಣಿಗೂ ಒಂದೇ ಮಿಲಿಮೀಟರ್ ಬಿದ್ದರೂ ಹದ ಒಂದೇ ಆಗಲ್ಲ.

ಹವಾಮಾನ ಇಲಾಖೆಯವರು ದಿನಾ ಬೆಳಿಗ್ಗೆ 8.30ಕ್ಕೆ ಅಳೆಯುತ್ತಾರೆ. ನೀವೂ ಅದೇ ಹೊತ್ತಿಗೆ ಅಳೆದರೆ ಹೋಲಿಸಿ ನೋಡಬಹುದು.

ಮಗಳಿಗೆ ಹತ್ತು ವರ್ಷ ಸಾರ್. ಟೆಲಿಸ್ಕೋಪ್ ಕೊಡಿಸ್ಲಾ, ಮೈಕ್ರೋಸ್ಕೋಪ್ ಕೊಡಿಸ್ಲಾ?

ಮೊದಲು ಒಂದು ಭೂತಗನ್ನಡಿ, ಒಂದು ನೋಟ್‌ಬುಕ್, ಒಂದು ಪೆನ್ಸಿಲ್. ಆರು ತಿಂಗಳು ಆ ನೋಟ್‌ಬುಕ್ ತುಂಬುತ್ತಾ ಹೋದರೆ ಆಮೇಲೆ 7x50 ಅಥವಾ 10x50 ಬೈನಾಕ್ಯುಲರ್ (ಏಳು ಇಲ್ಲ ಹತ್ತು ಪಟ್ಟು ದೊಡ್ಡದು ಮಾಡುವ, 50 ಮಿಲಿಮೀಟರ್ ಅಗಲದ ಲೆನ್ಸಿನದು). ಚಂದ್ರನ ಕುಳಿಗಳು, ಕೃತ್ತಿಕೆಯ ನಕ್ಷತ್ರಗಳು, ಕೆರೆ ಏರಿ ಮೇಲಿನ ಹಕ್ಕಿಗಳು ಎಲ್ಲ ಕಾಣುತ್ತವೆ. ಅಂಗಡಿಯಲ್ಲಿ ಸಿಗುವ ಆಟಿಕೆ ಟೆಲಿಸ್ಕೋಪ್ ಅಲ್ಲಾಡುವ ಸ್ಟ್ಯಾಂಡಿನಿಂದಲೇ ಮಕ್ಕಳ ಆಸೆ ಕೆಡಿಸುತ್ತೆ. ಮೈಕ್ರೋಸ್ಕೋಪ್ ಬೇಕೇ ಬೇಕು ಅಂದರೆ ಮನು ಪ್ರಕಾಶ್ ಮತ್ತು ಅವರ ತಂಡ ಮಾಡಿದ, ಕಾಗದ ಮಡಚಿ ಜೋಡಿಸುವ ಫೋಲ್ಡ್‌ಸ್ಕೋಪ್ ಸಾಕು, ಕೆರೆ ನೀರಿನ ಜೀವಿಗಳು ಚೆನ್ನಾಗಿ ಕಾಣುತ್ತವೆ. ಒಂದೇ ಎಚ್ಚರಿಕೆ: ಯಾವ ಲೆನ್ಸಿನಲ್ಲೂ ಸೂರ್ಯನನ್ನು ನೋಡಬಾರದು. ಒಂದು ಕ್ಷಣವೂ ಬೇಡ, ಕಣ್ಣು ಹೋಗುತ್ತೆ.

ಹಕ್ಕಿ ನೋಡ್ಕೊಂಡು ಓಡಾಡೋದೂ ವಿಜ್ಞಾನಾನಾ?

ಖಂಡಿತ. ರಂಗನತಿಟ್ಟು ಇವತ್ತು ಪಕ್ಷಿಧಾಮ ಆಗಿ ಉಳಿದಿರೋದೇ ಒಬ್ಬರು ನೋಡಿ ಬರೆದದ್ದರಿಂದ. ಪಕ್ಷಿತಜ್ಞ ಸಲೀಂ ಅಲಿ ಅವರು ಅಲ್ಲಿ ಹಕ್ಕಿಗಳು ಗೂಡು ಕಟ್ಟೋದನ್ನು ಕಂಡು ಒತ್ತಾಯ ಮಾಡಿದ ಮೇಲೆ 1940ರಲ್ಲಿ ಮೈಸೂರು ಸಂಸ್ಥಾನ ಅದನ್ನು ಪಕ್ಷಿಧಾಮ ಅಂತ ಘೋಷಿಸಿತು. ನೀವು ಹಕ್ಕಿ ಎಣಿಸುವಾಗ ಒಂದು ಅಭ್ಯಾಸ ಇಟ್ಟುಕೊಳ್ಳಿ: ಕಂಡ ಹಕ್ಕಿ ಬರೆಯುವ ಹಾಗೇ, "ಒಂದು ಗಂಟೆ ನೋಡಿದೆ, ಹೆಜ್ಜಾರ್ಲೆ ಕಾಣಲಿಲ್ಲ" ಅಂತಲೂ ಬರೆಯಿರಿ. ಖಾಲಿ ಬಿಟ್ಟರೆ ಹಕ್ಕಿ ಬರಲಿಲ್ವೋ ನೀವು ಹೋಗಲಿಲ್ವೋ ಮುಂದೆ ಯಾರಿಗೂ ತಿಳಿಯಲ್ಲ.

## ಉಪಕರಣಗಳನ್ನು ನಂಬುವ ಬಗ್ಗೆ

ಡೇರೀಲಿ ಲ್ಯಾಕ್ಟೋಮೀಟರ್ ಸುಳ್ಳು ಹೇಳುತ್ತೆ ಅಂತಾರೆ, ನಿಜಾನಾ?

ಇದಕ್ಕೆ ಉದ್ದ ಉತ್ತರ ಕೊಡುತ್ತೇನೆ, ಯಾಕೆಂದರೆ ನನಗೆ ವಿಜ್ಞಾನದ ಮೇಲೆ ಆಸೆ ಹುಟ್ಟಿದ್ದೇ ಈ ಪ್ರಶ್ನೆಯಿಂದ.

ನಾನು ಹುಡುಗನಾಗಿದ್ದಾಗ ಅವ್ವ ಕರೆದ ಹಾಲನ್ನು ಡೇರಿಗೆ ತಗೊಂಡು ಹೋಗೋದು ನನ್ನ ಕೆಲಸ. ನಮ್ಮ ಮನೆ ಡೇರಿಗೆ ಬಹಳ ಹತ್ತಿರ. ಒಂದು ಬೆಳಿಗ್ಗೆ ಕ್ಯಾನಿನ ಮುಚ್ಚಳ ತೆಗೆದಾಗ ಇನ್ನೂ ನೊರೆ ಇತ್ತು, ಹಾಲು ಕೈಗೆ ಬೆಚ್ಚಗಿತ್ತು. ಹಾಲಿನಲ್ಲಿ ತೇಲುವ ಗಾಜಿನ ಬುರುಡೆ, ಅದೇ ಲ್ಯಾಕ್ಟೋಮೀಟರ್, ಬಿಟ್ಟರು, ಅದು ಜಾಸ್ತಿ ಮುಳುಗಿತು. "ನೀರು ಬೆರೆಸಿದೀರಾ" ಅಂತ ಎಲ್ಲರ ಮುಂದೆ ಹೇಳಿ ವಾಪಸ್ ಕಳಿಸಿದರು. ಅವ್ವ ಅವತ್ತು ಊಟ ಮಾಡಲಿಲ್ಲ. ನಮ್ಮ ಹಾಲಿಗೆ ನೀರು ಬಿದ್ದಿರಲಿಲ್ಲ.

ಲ್ಯಾಕ್ಟೋಮೀಟರ್ ಸುಳ್ಳು ಹೇಳಿತಾ? ಇಲ್ಲ. ಅದು ಅಳೆಯೋದು ಹಾಲಿನ ಸಾಂದ್ರತೆಯನ್ನು. ಹಾಲು ನೀರಿಗಿಂತ ಸ್ವಲ್ಪ ಭಾರ, ಅದಕ್ಕೇ ನೀರು ಸೇರಿದರೆ ಹಗುರ ಆಗಿ ಗಾಜಿನ ಬುರುಡೆ ಇನ್ನಷ್ಟು ಮುಳುಗುತ್ತೆ. ಆದರೆ ಬೆಚ್ಚಗಿನ ಹಾಲೂ ಹಗುರ, ನೊರೆ ಗಾಳಿ ಸೇರಿದ ಹಾಲೂ ಹಗುರ. ಲ್ಯಾಕ್ಟೋಮೀಟರಿನ ಗುರುತುಗಳನ್ನು ಒಂದು ಗೊತ್ತಾದ ಉಷ್ಣಾಂಶಕ್ಕೆ ಹಾಕಿರುತ್ತಾರೆ, ಉದಾಹರಣೆಗೆ 27 ಡಿಗ್ರಿ. ಆಗ ತಾನೇ ಕರೆದ ಹಾಲು ಅದಕ್ಕಿಂತ ಹತ್ತು ಡಿಗ್ರಿ ಜಾಸ್ತಿ ಇದ್ದರೆ ಸುಮಾರು ಎರಡು ಗುರುತು ಕಮ್ಮಿ ತೋರಿಸುತ್ತೆ. ನೂರಕ್ಕೆ ಆರೇಳು ಪಾಲು ನೀರು ಹಾಕಿದರೂ ಅಷ್ಟೇ ಕಮ್ಮಿ ಆಗೋದು! ಜೊತೆಗೆ ಒಂದು ಥರ್ಮಾಮೀಟರ್ ಇಟ್ಟು, ಉಷ್ಣಾಂಶದ ಲೆಕ್ಕ ಸೇರಿಸಿದ್ದರೆ ನಮ್ಮ ಅವ್ವ ಕಳ್ಳಿ ಆಗುತ್ತಿರಲಿಲ್ಲ. ಇದನ್ನೆಲ್ಲ ನನಗೆ ಹೇಳಿಕೊಟ್ಟದ್ದು ಆಮೇಲೆ ಹೈಸ್ಕೂಲಿನ ವಿಜ್ಞಾನ ಮೇಷ್ಟ್ರು, ಅರ್ಧ ಗಂಟೆ ಆರಿದ ಹಾಲು ಮತ್ತು ಬಿಸಿ ಹಾಲು ಎರಡರಲ್ಲೂ ಅದೇ ಬುರುಡೆ ತೇಲಿಸಿ ತೋರಿಸಿದರು.

ಇನ್ನೊಂದು ಕಡೆಯೂ ಇದೆ. ಹಾಲಿನ ಕೊಬ್ಬು ನೀರಿಗಿಂತ ಹಗುರ. ಕೆನೆ ತೆಗೆದರೆ ಹಾಲು ಭಾರ ಆಗುತ್ತೆ, ಆಮೇಲೆ ಹದವಾಗಿ ನೀರು ಹಾಕಿದರೆ ಲ್ಯಾಕ್ಟೋಮೀಟರ್ ಮತ್ತೆ "ಸರಿ" ಅನ್ನುತ್ತೆ. ಒಂದೇ ಉಪಕರಣ ಇದ್ದರೆ ಸರಿಯಾದ ಹಾಲು ಸಿಕ್ಕಿಬೀಳುತ್ತೆ, ಕೆಟ್ಟ ಹಾಲು ಪಾರಾಗುತ್ತೆ. ಅದಕ್ಕೇ ಫ್ಯಾಟ್ ಬೇರೆ ಅಳೆಯಬೇಕು. ಫ್ಯಾಟ್, ಸಾಂದ್ರತೆ, ಉಷ್ಣಾಂಶ ಮೂರೂ ಸೇರಿದರೆ ತಪ್ಪಿಸಿಕೊಳ್ಳೋದು ಕಷ್ಟ. ಚೀಟಿಯಲ್ಲಿ ಬರುವ ಎಸ್‌ಎನ್‌ಎಫ್ (ನೀರು, ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿಯುವ ಘನ ಪದಾರ್ಥ) ಇದೆಯಲ್ಲ, ಲ್ಯಾಕ್ಟೋಮೀಟರ್ ಇಟ್ಟುಕೊಂಡ ಕಡೆ ಅದನ್ನು ನೇರವಾಗಿ ಅಳೆಯೋದೇ ಇಲ್ಲ, ಇವುಗಳಿಂದ ಲೆಕ್ಕ ಹಾಕಿ ಬರೆಯೋದು.

ಕಟ್ಟೇಲಿ ಇಷ್ಟು ಅಡಿ, ಇಷ್ಟು ಟಿಎಂಸಿ ಅಂತ ಪೇಪರಲ್ಲಿ ಬರುತ್ತೆ. ಅಷ್ಟು ನೀರನ್ನ ಯಾರು ಅಳೆದ್ರು?

ಅಡಿಯನ್ನು ಅಳೆಯುತ್ತಾರೆ, ಟಿಎಂಸಿಯನ್ನು ಲೆಕ್ಕ ಹಾಕುತ್ತಾರೆ. ಮಂಡ್ಯದವರಿಗೆ 124.80 ಅಡಿ ಅಂದರೆ ಕನ್ನಂಬಾಡಿ ತುಂಬಿತು ಅಂತ, ಅದು ನೀರಿನ ಮಟ್ಟ, ಅಳತೆಪಟ್ಟಿ ನೋಡಿ ಓದಬಹುದು. ತುಂಬಿದಾಗ ಸುಮಾರು 49.45 ಟಿಎಂಸಿ ಅನ್ನೋದು ಕಣಿವೆಯ ಆಕಾರ ಸರ್ವೆ ಮಾಡಿ, ಯಾವ ಮಟ್ಟಕ್ಕೆ ಎಷ್ಟು ನೀರು ಹಿಡಿಯುತ್ತೆ ಅಂತ ಮಾಡಿಟ್ಟ ಪಟ್ಟಿಯಿಂದ ಬರುವ ಸಂಖ್ಯೆ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಸುಮಾರು 2,830 ಕೋಟಿ ಲೀಟರ್.

ಇಲ್ಲಿ ಎರಡು ವಿಷಯ ಗಮನಿಸಿ. ಕಣಿವೆ ಮೇಲೆ ಹೋದಂತೆ ಅಗಲ ಆಗುತ್ತೆ, ಹಾಗಾಗಿ 124ರಿಂದ 123ಕ್ಕೆ ಇಳಿದ ಒಂದು ಅಡಿಯಲ್ಲಿರುವ ನೀರು, 80ರಿಂದ 79ಕ್ಕೆ ಇಳಿದ ಒಂದು ಅಡಿಯಲ್ಲಿರುವ ನೀರಿಗಿಂತ ಬಹಳ ಜಾಸ್ತಿ. "ಒಂದೇ ಅಡಿ ತಾನೆ ಕಮ್ಮಿ ಆಗಿರೋದು" ಅನ್ನೋ ಮಾತಿಗೆ ಅರ್ಥ ಬರಬೇಕಾದರೆ ಯಾವ ಅಡಿ ಅಂತ ಹೇಳಬೇಕು. ಎರಡನೇದು, ವರ್ಷ ವರ್ಷ ಹೂಳು ತುಂಬಿದ ಹಾಗೆ ಪಟ್ಟಿ ಹಳೇದಾಗುತ್ತೆ. ಅಡಿ ಸರಿಯಾಗೇ ಇರುತ್ತೆ, ಅದರ ಪಕ್ಕ ಬರೆದ ನೀರು ಅಲ್ಲಿರಲ್ಲ. ದೋಣಿಯಿಂದ ಶಬ್ದ ಬಿಟ್ಟು, ಅದು ತಳಕ್ಕೆ ತಾಗಿ ವಾಪಸ್ ಬರುವ ಹೊತ್ತು ಅಳೆದು ಆಳ ಕಂಡುಹಿಡಿಯುವ ಉಪಕರಣದಿಂದ ಜಲಾಶಯಗಳ ತಳವನ್ನು ಮತ್ತೆ ಸರ್ವೆ ಮಾಡೋದು ಅದಕ್ಕೇ.

ಎರಡು ಬಿಪಿ ಮಿಷೀನ್ ಎರಡು ತರ ತೋರಿಸ್ತಾವೆ. ಯಾವುದನ್ನ ನಂಬ್ಲಿ?

ಒಂದೇ ಮಿಷೀನಿನಲ್ಲಿ ಐದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿದರೂ ಬೇರೆ ಬರುತ್ತೆ, ಯಾಕೆಂದರೆ ಬಿಪಿಯೇ ಕ್ಷಣ ಕ್ಷಣಕ್ಕೂ ಬದಲಾಗುತ್ತೆ. ಮೊದಲು ಅಳೆಯುವ ರೀತಿ ಸರಿ ಮಾಡಿಕೊಳ್ಳಿ. ಅರ್ಧ ಗಂಟೆ ಮುಂಚೆ ಕಾಫಿ ಬೇಡ. ಐದು ನಿಮಿಷ ಬೆನ್ನು ಒರಗಿಸಿ ಸುಮ್ನೆ ಕೂತಿರಿ, ಕಾಲು ನೆಲದ ಮೇಲಿರಲಿ, ತೋಳು ಎದೆಯ ಮಟ್ಟಕ್ಕಿರಲಿ, ಮಾತಾಡಬೇಡಿ, ಪಟ್ಟಿ ತೋಳಿನ ಗಾತ್ರಕ್ಕೆ ಸರಿ ಇರಲಿ. ಒಂದೆರಡು ನಿಮಿಷ ಬಿಟ್ಟು ಎರಡು ಸಲ ನೋಡಿ ಸರಾಸರಿ ಬರೆಯಿರಿ. ಆಮೇಲೂ ಮಿಷೀನು ಮೇಲೆ ಅನುಮಾನ ಇದ್ದರೆ ಡಾಕ್ಟರ ಹತ್ತಿರ ಒಯ್ದು ಅವರ ಮಿಷೀನಿನ ಜೊತೆ ಹೋಲಿಸಿ.

ಒಂದು ಮಿಷೀನು ಯಾವಾಗಲೂ ಹತ್ತು ಜಾಸ್ತಿ ತೋರಿಸುತ್ತೆ ಅಂತ ಗೊತ್ತಾದರೆ ಅದು ಇನ್ನೂ ಉಪಯೋಗಕ್ಕೆ ಬರುತ್ತೆ, ಹತ್ತು ಕಳೆದರಾಯಿತು. ಒಮ್ಮೆ ಹತ್ತು ಜಾಸ್ತಿ, ಒಮ್ಮೆ ಹದಿನೈದು ಕಮ್ಮಿ ತೋರಿಸುವ ಮಿಷೀನನ್ನು ಮಾತ್ರ ಬಿಡಬೇಕು.

ಕಿರಾಣಿ ಅಂಗಡಿ ತೂಕದ ಬೊಟ್ಟಿಗೆ ಮುದ್ರೆ ಹಾಕಿರೋದೂ ಇಂಥದೇ ಹೋಲಿಕೆ ಮಾಡಿದ್ದಾರೆ ಅಂತ ತೋರಿಸೋಕೆ. ಆ ಬೊಟ್ಟನ್ನು ಇನ್ನೊಂದರ ಜೊತೆ, ಅದನ್ನು ಮತ್ತೊಂದರ ಜೊತೆ ಹೋಲಿಸುತ್ತಾ ಹೋದರೆ ಹಿಂದೆಲ್ಲ ಆ ಸರಪಳಿ ಪ್ಯಾರಿಸ್ ಹತ್ತಿರ ಇಟ್ಟಿದ್ದ ಒಂದು ಲೋಹದ ಸಿಲಿಂಡರಿಗೆ ಹೋಗಿ ನಿಲ್ಲುತ್ತಿತ್ತು. 2019ರ ಮೇ 20ರಿಂದ ಕಿಲೋಗ್ರಾಂಗೆ ಆಧಾರ ಆ ಸಿಲಿಂಡರಲ್ಲ, ಪ್ರಕೃತಿಯ ಒಂದು ಸ್ಥಿರ ಸಂಖ್ಯೆ, ಪ್ಲ್ಯಾಂಕ್ ಸ್ಥಿರಾಂಕ.

ಟೆಲಿಸ್ಕೋಪಲ್ಲಿ ಗುರು ಗ್ರಹ ಇಷ್ಟೇ ಇಷ್ಟು ಕಾಣುತ್ತೆ, ಫೋಟೋದಲ್ಲಿ ಬಣ್ಣ ಬಣ್ಣ. ಫೋಟೋ ಮೋಸಾನಾ?

ಮೋಸ ಅಲ್ಲ. ಕ್ಯಾಮೆರಾ ಬಹಳ ಹೊತ್ತು ಬೆಳಕು ಕೂಡಿಸಿಕೊಳ್ಳುತ್ತೆ, ನಮ್ಮ ಕಣ್ಣು ಕೂಡಿಸಿಕೊಳ್ಳಲ್ಲ. ಜೇಮ್ಸ್ ವೆಬ್ ಟೆಲಿಸ್ಕೋಪ್ ಹಿಡಿಯೋದು ಬಹುಪಾಲು ಕಣ್ಣಿಗೆ ಕಾಣದ ಅವಗೆಂಪು ಬೆಳಕು, ಅದನ್ನು ನಾವು ನೋಡಬೇಕಾದರೆ ಕಾಣುವ ಬಣ್ಣಕ್ಕೆ ಬದಲಾಯಿಸಲೇಬೇಕು.

ಆದರೆ ಆ ಚಿಕ್ಕ ಬಿಳೀ ಬಿಲ್ಲೆಯ ಪಕ್ಕ ಒಂದೇ ಗೆರೆಯಲ್ಲಿ ಕೂತ ಚುಕ್ಕೆಗಳನ್ನು ನೋಡಿದಿರಾ? 1610ರ ಜನವರಿ 7ರಂದು ಗೆಲಿಲಿಯೋ ಮೂರು ಚುಕ್ಕೆ ಕಂಡು ಬರೆದಿಟ್ಟರು. ಮಾರನೇ ದಿನ ಜಾಗ ಬದಲಾಗಿತ್ತು. 13ನೇ ತಾರೀಖು ನಾಲ್ಕು ಚುಕ್ಕೆ. ಒಂದು ರಾತ್ರಿಯ ನೋಟದಿಂದ ಏನೂ ತಿಳಿಯುತ್ತಿರಲಿಲ್ಲ, ದಿನಾ ಬರೆದ ಚಿತ್ರಗಳನ್ನು ಪಕ್ಕ ಪಕ್ಕ ಇಟ್ಟಾಗಲೇ ಅವು ಗುರುವನ್ನು ಸುತ್ತುವ ಚಂದ್ರಗಳು ಅಂತ ಹೊಳೆದದ್ದು. ನನ್ನ ತಾರಸಿಗೆ ಬರುವ ಮಕ್ಕಳಿಗೆ ಒಂದು ವಾರ ಅದೇ ಚಿತ್ರ ಬರೆಸುತ್ತೇನೆ. ನಾಲ್ಕನೇ ದಿನದ ಹೊತ್ತಿಗೆ ಯಾರಾದರೂ ಒಬ್ಬರು "ಇದು ಅತ್ತಿತ್ತ ಓಡಾಡ್ತಿದೆ ಸಾರ್" ಅಂತ ಕೂಗುತ್ತಾರೆ. ಅಯೋ ಅನ್ನುವ ಚಂದ್ರ ಎರಡು ದಿನಕ್ಕೂ ಮುಂಚೆ ಒಂದು ಸುತ್ತು ಮುಗಿಸುತ್ತೆ.

ಗೆಲಿಲಿಯೋ ಕಾಲದಲ್ಲೂ ಇದೆಲ್ಲ ಗಾಜಿನ ಚಮತ್ಕಾರ ಅಂದವರಿದ್ದರು. ಅದಕ್ಕೆ ಮುಂಚಿನ ವರ್ಷವೇ ಅವರು ವೆನಿಸ್ಸಿನ ಗೋಪುರದ ಮೇಲಿಂದ ದೂರದ ಹಡಗುಗಳನ್ನು ತೋರಿಸಿದ್ದರು. ಆಮೇಲೆ ಅದೇ ಹಡಗು ದಡಕ್ಕೆ ಬರುತ್ತೆ, ಟೆಲಿಸ್ಕೋಪ್ ಹೇಳಿದ್ದು ನಿಜ ಅಂತ ಬರಿಗಣ್ಣಿಗೇ ಗೊತ್ತಾಗುತ್ತೆ. ಗೊತ್ತಿರುವ ವಸ್ತುವಿನ ಮೇಲೆ ಮೊದಲು ಪರೀಕ್ಷೆ, ಆಮೇಲೆ ಗೊತ್ತಿಲ್ಲದ್ದರ ಕಡೆ ತಿರುಗಿಸೋದು. ಇವತ್ತಿಗೂ ಹಾಗೇ.

ಮೈಕ್ರೋಸ್ಕೋಪಲ್ಲಿ ಕಂಡ ಹುಳ ನಿಜವಾಗ್ಲೂ ನೀರಲ್ಲಿ ಇದೆ ಅಂತ ಹೇಗೆ ಹೇಳ್ತೀರಿ?

ಒಳ್ಳೇ ಅನುಮಾನ. ಮಕ್ಕಳು ಮೊದಲ ದಿನ "ಹುಳ" ಅಂತ ತೋರಿಸೋದು ಸಾಮಾನ್ಯವಾಗಿ ಗಾಳಿ ಗುಳ್ಳೆ, ದಾರದ ಎಳೆ, ಇಲ್ಲ ಅವರದೇ ಕಣ್ಣಿನ ರೆಪ್ಪೆ ಕೂದಲು. ಸ್ಲೈಡ್ ಸ್ವಲ್ಪ ಸರಿಸಿ. ಕಂಡದ್ದು ಸ್ಲೈಡಿನ ಜೊತೆ ಸರಿದರೆ ಅದು ಸ್ಲೈಡಿನಲ್ಲಿದೆ. ಸರಿಯದಿದ್ದರೆ ಲೆನ್ಸಿನಲ್ಲೋ ಕಣ್ಣಿನಲ್ಲೋ ಇದೆ. ಕಾಯಿಸಿ ಆರಿಸಿದ ನೀರಿನಲ್ಲೂ ನೋಡಿ, ಅಲ್ಲಿ ಓಡಾಟ ನಿಂತಿರಬೇಕು.

ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ 1676ರಲ್ಲಿ ನೀರಿನಲ್ಲಿ ಕಂಡ ಪುಟ್ಟ ಜೀವಿಗಳ ಬಗ್ಗೆ ಲಂಡನ್ನಿನ ರಾಯಲ್ ಸೊಸೈಟಿ ಅನ್ನುವ ವಿಜ್ಞಾನಿಗಳ ಸಂಘಕ್ಕೆ ಬರೆದಾಗ ಅವರೂ ಸುಮ್ನೆ ನಂಬಲಿಲ್ಲ. ಮಾರನೇ ವರ್ಷ ಆ ಸಂಘದ ರಾಬರ್ಟ್ ಹುಕ್ ತಾವೇ ನೋಡಿ, ಬೇರೆಯವರಿಗೂ ತೋರಿಸಿದ ಮೇಲೆ ಒಪ್ಪಿದರು.

## ಇನ್ನೂ ಆಳದ ಪ್ರಶ್ನೆಗಳು

ಟೆಲಿಸ್ಕೋಪ್ ಬರೋಕೆ ಮುಂಚೆನೂ ಗ್ರಹಗಳ ಲೆಕ್ಕ ಇತ್ತಲ್ಲ?

ಇತ್ತು, ಬಹಳ ಚೆನ್ನಾಗಿತ್ತು. ಡೆನ್ಮಾರ್ಕಿನ ಖಗೋಳವಿಜ್ಞಾನಿ ಟೈಕೋ ಬ್ರಾಹೆ 1601ರಲ್ಲಿ ತೀರಿಕೊಂಡರು, ಟೆಲಿಸ್ಕೋಪ್ ನೋಡಲೇ ಇಲ್ಲ. ಆದರೆ ದೊಡ್ಡ ದೊಡ್ಡ ಕೋನಮಾಪಕಗಳನ್ನು ಕಟ್ಟಿಸಿ, ಬರಿಗಣ್ಣಿನಲ್ಲಿ ಒಂದೆರಡು ಕಲೆಯಷ್ಟು ನಿಖರವಾಗಿ ಗ್ರಹಗಳ ಜಾಗ ಬರೆದಿಟ್ಟರು. ಒಂದು ಕಲೆ ಅಂದರೆ ಡಿಗ್ರಿಯ ಅರವತ್ತನೇ ಒಂದು ಪಾಲು. ಅವರ ಸಹಾಯಕರಾಗಿದ್ದ ಕೆಪ್ಲರ್ ಆ ಅಳತೆಗಳನ್ನು ಇಟ್ಟುಕೊಂಡು ಮಂಗಳನ ದಾರಿಗೆ ವೃತ್ತ ಹೊಂದಿಸಲು ಹೊರಟಾಗ ಎಂಟು ಕಲೆ ವ್ಯತ್ಯಾಸ ಬಂತು. ಬೇರೆಯವರ ಅಳತೆ ಆಗಿದ್ದರೆ ಅಷ್ಟು ತಪ್ಪು ಇರುತ್ತೆ ಬಿಡು ಅನ್ನಬಹುದಿತ್ತು. ಟೈಕೋ ಅಷ್ಟು ತಪ್ಪುವವರಲ್ಲ ಅಂತ ಕೆಪ್ಲರ್‌ಗೆ ಗೊತ್ತಿತ್ತು. ವೃತ್ತವನ್ನೇ ಬಿಟ್ಟರು, 1609ರಲ್ಲಿ ದೀರ್ಘವೃತ್ತ ಅಂತ ಪ್ರಕಟಿಸಿದರು. ಅಳತೆಯಲ್ಲಿ ಎಷ್ಟು ತಪ್ಪು ಇರಬಹುದು ಅಂತ ಗೊತ್ತಿದ್ದದ್ದೇ ಇಲ್ಲಿ ಕೆಲಸ ಮಾಡಿದ್ದು.

ಹೊಸ ಗೊಬ್ಬರ ಹಾಕಿದ ಗದ್ದೇಲಿ ಇಳುವರಿ ಜಾಸ್ತಿ ಬಂತು, ನಾನೇ ಮೂಟೆ ಎಣಿಸಿದ್ದೀನಿ. ಇನ್ನೇನು ಬೇಕು?

ಯಾವ ಗದ್ದೆಗೆ ಹಾಕಿದ್ದು ಅಂತ ನಾನು ಮೊದಲು ಕೇಳುತ್ತೇನೆ. ನಾಲೆ ಮಗ್ಗುಲಿನದಾ, ತೂಬಿನಿಂದ ದೂರದ ಕೊನೆಯದಾ? ಹೊಸದನ್ನು ನಾವು ಒಳ್ಳೇ ಗದ್ದೆಗೇ ಹಾಕುತ್ತೇವೆ, ಅದಕ್ಕೆ ನೀರೂ ಚೆನ್ನಾಗಿ ಕಟ್ಟುತ್ತೇವೆ, ದಿನಾ ಹೋಗಿ ನೋಡುತ್ತೇವೆ. ಮೂಟೆ ಎಣಿಸಿದ್ದು ಸರಿಯಾಗೇ ಇದೆ. ಆದರೆ ಆ ಮೂಟೆ ಗೊಬ್ಬರದ್ದೋ, ನೀರಿನದ್ದೋ, ನಿಮ್ಮ ಓಡಾಟದ್ದೋ ಹೇಳೋಕೆ ಬರಲ್ಲ.

ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂ ಕಡೆ ಹೋದವರು ನೋಡಿರಬಹುದು. ಒಂದೇ ಗದ್ದೆಯನ್ನು ಸಣ್ಣ ಸಣ್ಣ ತಾಕುಗಳಾಗಿ ಮಾಡಿ ಗೂಟ ಹೊಡೆದು ಬೋರ್ಡ್ ಹಾಕಿರುತ್ತಾರೆ. ಯಾವ ತಾಕಿಗೆ ಯಾವ ತಳಿ, ಯಾವ ಗೊಬ್ಬರ ಅಂತ ಚೀಟಿ ಎತ್ತಿದ ಹಾಗೆ ಹಂಚುತ್ತಾರೆ, ಮನಸ್ಸಿಗೆ ಬಂದ ಹಾಗಲ್ಲ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1920ರ ದಶಕದಲ್ಲಿ ಇದನ್ನು ಗಟ್ಟಿಯಾದ ಪದ್ಧತಿ ಮಾಡಿದರು. ಔಷಧಿ ಪರೀಕ್ಷೆಯಲ್ಲಿ ರೋಗಿಗಳನ್ನು ಗುಂಪು ಮಾಡೋದಕ್ಕೂ ಇದೇ ಪದ್ಧತಿ ಆಧಾರ.

ನಿಮ್ಮ ಗದ್ದೆಯಲ್ಲೂ ಮಾಡಬಹುದು. ಎಂಟು ತಾಕು ಮಾಡಿ, ನೀರು ತಾಕಿನಿಂದ ತಾಕಿಗೆ ಹರಿಯದ ಹಾಗೆ ಬದು ಕಟ್ಟಿ, ಚೀಟಿ ಎತ್ತಿ ನಾಲ್ಕಕ್ಕೆ ಹಳೇದು, ನಾಲ್ಕಕ್ಕೆ ಹೊಸದು. ಸಾಧ್ಯವಾದರೆ ಕೊಯ್ದು ತೂಕ ಹಾಕುವವರಿಗೆ ಯಾವುದು ಯಾವುದು ಅಂತ ಹೇಳಬೇಡಿ. ಸುಳ್ಳು ಬರೆಯುತ್ತಾರೆ ಅಂತ ಅಲ್ಲ, ಗೆಲ್ಲಲಿ ಅಂತ ಆಸೆ ಇರುವ ಕಡೆ ಕೈ ತಾನಾಗೇ ಇನ್ನೊಂದು ತೆನೆ ಎತ್ತಿಕೊಳ್ಳುತ್ತೆ.

ಉಪಕರಣವೇ ಇಲ್ಲದ್ದನ್ನ ತೋರಿಸಿಬಿಟ್ರೆ?

ಆಗಿದೆ. 1903ರಲ್ಲಿ ಫ್ರಾನ್ಸಿನ ಬ್ಲಾಂಡ್ಲೋ ಅನ್ನುವ ಹೆಸರಾಂತ ಭೌತವಿಜ್ಞಾನಿ "ಎನ್ ಕಿರಣ" ಕಂಡುಹಿಡಿದಿದ್ದೇನೆ ಅಂದರು. ಕತ್ತಲ ಕೋಣೆಯಲ್ಲಿ ಮಿಣುಕು ಬೆಳಕು ಸ್ವಲ್ಪ ಜಾಸ್ತಿ ಆಯಿತಾ ಅಂತ ಕಣ್ಣಿನಲ್ಲೇ ನೋಡಬೇಕಿತ್ತು. ಬಹಳ ಜನ ತಮಗೂ ಕಂಡಿತು ಅಂದರು. 1904ರಲ್ಲಿ ಅಮೆರಿಕದ ರಾಬರ್ಟ್ ವುಡ್ ನೋಡಲು ಹೋಗಿ, ಕತ್ತಲಲ್ಲಿ ಕಿರಣವನ್ನು ಬಾಗಿಸಿ ಹರಡಬೇಕಿದ್ದ ಪ್ರಿಸಂ ಅನ್ನೇ ಸದ್ದಿಲ್ಲದೆ ಉಪಕರಣದಿಂದ ತೆಗೆದರು. ಆಗಲೂ ಬ್ಲಾಂಡ್ಲೋ ಕಡೆಯವರಿಗೆ ಕಿರಣ ಅದೇ ಜಾಗದಲ್ಲಿ ಕಾಣುತ್ತಲೇ ಇತ್ತು.

2011ರಲ್ಲಿ ನಡೆದದ್ದು ನನಗೆ ಬಹಳ ಮೆಚ್ಚುಗೆ. ಜಿನೀವಾ ಹತ್ತಿರದ ಸರ್ನ್ ಪ್ರಯೋಗಾಲಯದಿಂದ ಇಟಲಿಗೆ ಸುಮಾರು 730 ಕಿಲೋಮೀಟರ್ ನೆಲದೊಳಗೆ ಸಾಗಿದ ನ್ಯೂಟ್ರಿನೋ ಅನ್ನುವ ಅತಿ ಸಣ್ಣ ಕಣಗಳು ಬೆಳಕಿಗಿಂತ 60 ನ್ಯಾನೋಸೆಕೆಂಡ್ ಬೇಗ ಬಂದ ಹಾಗೆ ಅಳತೆ ತೋರಿಸಿತು. ಆ ತಂಡದವರು ಹಬ್ಬ ಮಾಡಲಿಲ್ಲ, ನಮಗೆ ತಪ್ಪು ಸಿಗುತ್ತಿಲ್ಲ, ನೀವೂ ನೋಡಿ ಅಂತ ಎಲ್ಲರ ಮುಂದೆ ಇಟ್ಟರು. ಕೊನೆಗೆ ಮುಖ್ಯ ಕಾರಣ ಸಿಕ್ಕಿತು: ಸರಿಯಾಗಿ ಬಿಗಿಯದ ಒಂದು ಫೈಬರ್ ಕೇಬಲ್.

ತದ್ವಿರುದ್ಧವೂ ಆಗುತ್ತೆ. 1964ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಪೆನ್ಜಿಯಾಸ್ ಮತ್ತು ವಿಲ್ಸನ್ ತಮ್ಮ ರೇಡಿಯೋ ಆಂಟೆನಾದಲ್ಲಿ ಬರುತ್ತಿದ್ದ ಗೊರಗೊರ ಸದ್ದನ್ನು ಉಪಕರಣದ ದೋಷ ಅಂದುಕೊಂಡು ಪಾರಿವಾಳಗಳ ಹಿಕ್ಕೆಯನ್ನೂ ಉಜ್ಜಿ ತೆಗೆದರು. ಸದ್ದು ಹೋಗಲಿಲ್ಲ. ಅದು ವಿಶ್ವ ಹುಟ್ಟಿದ ಕಾಲದ ಬಿಸಿಯ ಉಳಿಕೆ. 1978ರಲ್ಲಿ ಅವರಿಗೆ ನೊಬೆಲ್ ಬಂತು.

ಕಣ್ಣಿಗೆ ಕಾಣದ್ದನ್ನ, ಗುರುತ್ವ ತರಂಗ ಅಂಥದ್ದನ್ನ, "ನೋಡಿದ್ವಿ" ಅನ್ನೋದು ಸರೀನಾ?

ಗಾಳಿಯನ್ನು ಯಾರೂ ನೋಡಿಲ್ಲ, ತೆಂಗಿನ ಗರಿ ಅಲ್ಲಾಡೋದನ್ನ ನೋಡಿದ್ದೇವೆ. ಆದರೆ ಗರಿ ಅಳಿಲು ಓಡಿದರೂ ಅಲ್ಲಾಡುತ್ತೆ. ಎದುರು ಬೀದಿಯ ತೆಂಗಿನಮರವೂ ಅದೇ ಹೊತ್ತಿಗೆ ಅಲ್ಲಾಡಿದರೆ ಗಾಳಿ ಅಂತ ಧೈರ್ಯವಾಗಿ ಹೇಳಬಹುದು. ಗುರುತ್ವ ತರಂಗ ಅಂದರೆ ಜಾಗವನ್ನೇ ಹಿಗ್ಗಿಸಿ ಕುಗ್ಗಿಸುತ್ತಾ ಸಾಗುವ ಅಲೆ. 2015ರ ಸೆಪ್ಟೆಂಬರ್ 14ರಂದು ಅದನ್ನು ಹಿಡಿಯುವ ಲೈಗೋ ಅನ್ನುವ ಉಪಕರಣ ಮಾಡಿದ್ದೂ ಇದನ್ನೇ. ಅಮೆರಿಕದಲ್ಲಿ ಸುಮಾರು 3,000 ಕಿಲೋಮೀಟರ್ ದೂರದಲ್ಲಿರುವ ಎರಡು ಕಡೆ, ನಾಲ್ಕು ನಾಲ್ಕು ಕಿಲೋಮೀಟರ್ ಉದ್ದದ ತೋಳುಗಳಲ್ಲಿ, ಪ್ರೋಟಾನಿಗಿಂತಲೂ ಎಷ್ಟೋ ಪಾಲು ಚಿಕ್ಕದಾದ ಅಲುಗಾಟ ಒಂದೇ ಆಕಾರದಲ್ಲಿ ಸುಮಾರು 7 ಮಿಲಿಸೆಕೆಂಡ್ ಅಂತರದಲ್ಲಿ ಬಂತು. ಒಂದು ಕಡೆ ಲಾರಿ ಹೋದರೆ ಇನ್ನೊಂದು ಕಡೆ ಹಾಗೆ ಅಲುಗಲ್ಲ. ಮಹಾರಾಷ್ಟ್ರದ ಹಿಂಗೋಳಿಯಲ್ಲೂ ಇಂಥದ್ದೊಂದು ಕಟ್ಟಲು 2023ರಲ್ಲಿ ಒಪ್ಪಿಗೆ ಸಿಕ್ಕಿದೆ, ಇನ್ನೊಂದು ದಿಕ್ಕಿನಿಂದ ನೋಡಿದರೆ ತರಂಗ ಆಕಾಶದ ಯಾವ ಮೂಲೆಯಿಂದ ಬಂತು ಅಂತ ಇನ್ನೂ ಚೆನ್ನಾಗಿ ಹೇಳಬಹುದು.

ಉಪಕರಣ ಕೆಟ್ಟಿತ್ತು ಅಂತ ಆಮೇಲೆ ಗೊತ್ತಾದ್ರೆ ಅಲ್ಲಿವರೆಗಿನ ಲೆಕ್ಕ ಎಲ್ಲ ಬಿಸಾಕ್ಬೇಕಾ?

ಎಷ್ಟು ಕೆಟ್ಟಿತ್ತು, ಹೇಗೆ ಕೆಟ್ಟಿತ್ತು ಅಂತ ಗೊತ್ತಾದರೆ ಬಿಸಾಕಬೇಕಿಲ್ಲ. 1990ರಲ್ಲಿ ಹಬಲ್ ಟೆಲಿಸ್ಕೋಪ್ ಮೇಲೆ ಹೋದಾಗ ಚಿತ್ರಗಳು ಮಂಜುಮಂಜು. 2.4 ಮೀಟರ್ ಕನ್ನಡಿಯ ಅಂಚು ಬೇಕಾದದ್ದಕ್ಕಿಂತ ಸುಮಾರು 2.2 ಮೈಕ್ರಾನ್ ಚಪ್ಪಟೆ ಆಗಿತ್ತು (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು). ಕನ್ನಡಿಯನ್ನು ಪರೀಕ್ಷೆ ಮಾಡುವ ಉಪಕರಣದಲ್ಲೇ ಒಂದು ಲೆನ್ಸ್ 1.3 ಮಿಲಿಮೀಟರ್ ಆಚೀಚೆ ಕೂತಿತ್ತು. ಬೇಸರದ ಸಂಗತಿ ಅಂದರೆ ಬೇರೆ ಸರಳ ಪರೀಕ್ಷೆಗಳು ತಪ್ಪಿದೆ ಅಂತ ತೋರಿಸಿದ್ದವು, ಆದರೆ ಒಳ್ಳೇ ಉಪಕರಣವನ್ನೇ ನಂಬಿ ಅವನ್ನು ಪಕ್ಕಕ್ಕಿಟ್ಟಿದ್ದರು. ತಪ್ಪು ಎಷ್ಟು ಅಂತ ಕರಾರುವಾಕ್ಕಾಗಿ ತಿಳಿದದ್ದರಿಂದ, ಅಷ್ಟನ್ನೇ ತಿರುಗಿಸಿ ಸರಿಮಾಡುವ ಪುಟ್ಟ ಕನ್ನಡಿಗಳನ್ನು ಮಾಡಿ 1993ರ ಡಿಸೆಂಬರಿನಲ್ಲಿ ಜೋಡಿಸಿದರು. ಹಳೇ ಚಿತ್ರಗಳನ್ನೂ ಲೆಕ್ಕ ಹಾಕಿ ಸಾಕಷ್ಟು ತಿದ್ದಿಕೊಂಡಿದ್ದರು.

ನನ್ನ ಹಿತ್ತಲಿನ ಮಳೆ ಡಬ್ಬಿಗೂ ಹೀಗೇ ಆಯಿತು. ಪಕ್ಕದ ಬೇವಿನಮರ ಬೆಳೆದು ಒಂದು ಕೊಂಬೆ ಡಬ್ಬಿ ಕಡೆ ಚಾಚಿದ್ದನ್ನು ನಾನು ಗಮನಿಸಿರಲಿಲ್ಲ. ಸಣ್ಣ ಮಳೆಯ ದಿನ ಎಲೆಯೇ ನೀರು ಹಿಡಿದುಕೊಳ್ಳುತ್ತಿತ್ತು. ತಾರಸಿಯಲ್ಲಿ ಇನ್ನೊಂದು ಡಬ್ಬಿ ಇಟ್ಟು ಎರಡು ಮಳೆಗಾಲ ಎರಡನ್ನೂ ಬರೆದೆ. ದೊಡ್ಡ ಮಳೆಯಲ್ಲಿ ಎರಡೂ ಹತ್ತಿರ ಹತ್ತಿರ ಬರುತ್ತಿದ್ದವು, ತುಂತುರು ಮಳೆಯಲ್ಲಿ ಹಿತ್ತಲಿನದು ಕಮ್ಮಿ. ಹಳೇ ಪುಸ್ತಕವನ್ನು ತಿದ್ದಿಲ್ಲ, ಒಂದು ಅಂಕಿಯನ್ನೂ ಅಳಿಸಿಲ್ಲ. ಆ ಪುಟಗಳ ಅಂಚಿನಲ್ಲಿ ಪೆನ್ಸಿಲಿನಲ್ಲಿ "ಬೇವಿನ ಕೊಂಬೆ ಇತ್ತು" ಅಂತ ಬರೆದಿದ್ದೇನೆ.